ಉಜ್ಜೀವನಕ್ಕೆ ರಜೆ ಹಾಕಬೇಕೆ?

ಪುಣೆಯ ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿದ ನಮ್ಮಂತಹ ಕ್ರೈಸ್ತರಿಗೆ ಆತ್ಮಿಕ ಉಜ್ಜೀವನವೆಂದರೆ, ಅಂದರೆ ನಂಬಿಕೆ ಮತ್ತೆ ಚಿಗುರುವುದೆಂದರೆ, ರಜೆ ಹಾಕಿ ಹೋಗಿಬರುವ ಸಂಗತಿ. ಶನಿವಾರ ಬಸ್ ಹತ್ತಿ ಲೋಣಾವಳದ ಕಡೆ ಧ್ಯಾನಕೂಟಕ್ಕೆ ಹೋಗುತ್ತೇವೆ, ಹಾಡುತ್ತೇವೆ, ಕಣ್ಣೀರು ಹಾಕುತ್ತೇವೆ. ಸೋಮವಾರ ಕಾರ್ಖಾನೆಯ ಗೇಟು ದಾಟಿದರೆ ಅದೇ ಸಿಡುಕು, ಅದೇ ದಣಿವು. ಇಂತಹ ಕೂಟಗಳನ್ನು ನಾನು ಕಡೆಗಣಿಸುವುದಿಲ್ಲ. ಮೂರು ಪಾಳಿಯಲ್ಲಿ ದುಡಿಯುವವರಿಗೆ ಒಟ್ಟಿಗೆ ಕುಳಿತು ಪ್ರಾರ್ಥಿಸಲು ಬೇರೆ ವೇಳೆ ಸಿಗುವುದು ಕಷ್ಟ. ಆದರೆ ದುಡಿಮೆಯ ದಿನಗಳೆಲ್ಲ ದೇವರಿಗೆ ಹೊರತು ಎಂಬಂತೆ ಬದುಕುವುದು ಗುಳೇದಗುಡ್ಡದ ನಮ್ಮ ಹಿರಿಯರಿಗೆ ಅರ್ಥವೇ ಆಗುತ್ತಿರಲಿಲ್ಲ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಊರು ನೇಕಾರರದು. ನಮ್ಮ ಅಜ್ಜ ಕುಣಿಮಗ್ಗದಲ್ಲಿ ಕುಳಿತು ಕುಬುಸದ ಖಣ ನೇಯುತ್ತಿದ್ದರು. ಹಾಸಿನ ಎಳೆ ಕಡಿದಾಗ ಲಾಳಿ ನಿಲ್ಲಿಸಿ, ತುದಿಗಳನ್ನು ಬೆರಳಲ್ಲಿ ಹೊಸೆದು ಕೂಡಿಸುವಷ್ಟು ಹೊತ್ತು ಅವರ ಪ್ರಾರ್ಥನೆ. ಜ್ವರ ಬಂದ ಮೊಮ್ಮಗ, ಹೆರಿಗೆಗೆ ಬಂದ ಮಗಳು, ಬಾಕಿ ಉಳಿಸಿಕೊಂಡ ವ್ಯಾಪಾರಿ, ಯಾರಾದರೊಬ್ಬರ ಹೆಸರು ಹೇಳಿ ಮತ್ತೆ ಲಾಳಿ ಹಿಡಿಯುತ್ತಿದ್ದರು. ಅಜ್ಜಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಲೇ ಕೀರ್ತನೆ ಗುನುಗುತ್ತಿದ್ದರು. ಶನಿವಾರ ಸಂಜೆ ಮಗ್ಗ ನಿಂತರೆ ಸೋಮವಾರವೇ ಮತ್ತೆ ಸದ್ದು. ಲಗ್ನಸರಾಯಿಯಲ್ಲಿ ವ್ಯಾಪಾರಿ ಎಷ್ಟೇ ಅವಸರಪಡಿಸಿದರೂ ಅಜ್ಜ ಜಗ್ಗುತ್ತಿರಲಿಲ್ಲ. ಕೂಡಲಸಂಗಮವೂ ಇದೇ ಜಿಲ್ಲೆಯದು. ಕಾಯಕವನ್ನೇ ಪೂಜೆಯೆಂದು ನಂಬುವ ನೆರೆಹೊರೆಯ ನಡುವೆ ಬಾಳಿದ ಅವರಿಗೆ, ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದ ಯೇಸುವಿನ ಅಪೊಸ್ತಲ ಪೌಲ ದೂರದವನೆನಿಸಿರಲಿಕ್ಕಿಲ್ಲ.

ಪೌಲನ ಮಾತು ಬಂತೆಂದು ಒಂದು ವಿಷಯ ಹೇಳಲೇಬೇಕು. ಯಾವ ಕೆಲಸ ಮಾಡಿದರೂ ಕರ್ತನಿಗೋಸ್ಕರ ಎಂದು ಮನಃಪೂರ್ವಕವಾಗಿ ಮಾಡಿರಿ ಎಂದು ಬೈಬಲಿನಲ್ಲಿ ಅವನು ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿದೆ. ಹೆಚ್ಚುವರಿ ಕೂಲಿಯಿಲ್ಲದೆ ಹೊತ್ತು ಮೀರಿ ದುಡಿಸಲು ಈ ವಾಕ್ಯವನ್ನು ಬಳಸಿದ ಕ್ರೈಸ್ತ ಮೇಲಧಿಕಾರಿಯೊಬ್ಬರನ್ನು ನಾನು ಕಂಡಿದ್ದೇನೆ, ಇಂದಿಗೂ ಸಿಟ್ಟು ಬರುತ್ತದೆ. ಆ ಮಾತನ್ನು ಪೌಲ ಬರೆದದ್ದು ದಾಸರಿಗೆ. ನಾಲ್ಕನೆಯ ಅಧ್ಯಾಯದ ಮೊದಲ ವಚನವೇ ಯಜಮಾನರಿಗೆ: ದಾಸರಿಗೆ ನ್ಯಾಯವಾದದ್ದನ್ನು ಕೊಡಿರಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ. ವಾರಕ್ಕೊಂದು ದಿನ ದುಡಿಮೆ ನಿಲ್ಲಿಸಬೇಕೆಂಬ ಸಬ್ಬತ್ತಿನ ಆಜ್ಞೆಯೂ ಆಳು, ದನ, ಪರದೇಶಿ ಎಲ್ಲರಿಗೂ ಬಿಡುವು ಕೊಡಿಸುತ್ತದೆ. ಭಾನುವಾರ ಆರಾಧನೆಯ ನಡುವೆಯೂ ಕಚೇರಿಯ ಸಂದೇಶಕ್ಕೆ ಉತ್ತರಿಸುವ ನಮಗೆ ಉಜ್ಜೀವನ ಮೊದಲು ಬೇಕಿರುವುದು ಅಲ್ಲಿ.

ನಾನು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ಒಂದು ತಟ್ಟೆ ಮುಗಿದು ಮತ್ತೊಂದು ಮೇಜಿಗೆ ಬರುವ ನಡುವೆ ಗೇಜನ್ನು ಬಟ್ಟೆಯಲ್ಲಿ ಒರೆಸಬೇಕು. ಆ ಹೊತ್ತನ್ನು ಅಜ್ಜನಂತೆ ಪ್ರಾರ್ಥನೆಗೆ ಇಟ್ಟುಕೊಂಡಿದ್ದೇನೆ: ಪಕ್ಕದ ಮೇಜಿನ ಗುತ್ತಿಗೆ ಹುಡುಗನಿಗಾಗಿ, ನಿನ್ನೆ ಜಗಳವಾಡಿದ ಸೂಪರ್‌ವೈಸರ್‌ಗಾಗಿ. ಹೆಸರು ಹಿಡಿದು ಪ್ರಾರ್ಥಿಸಿದವರ ಮೇಲೆ ದ್ವೇಷ ಉಳಿಸಿಕೊಳ್ಳುವುದು ಸುಲಭವಲ್ಲ. ಧ್ಯಾನಕೂಟದ ಕಣ್ಣೀರಿಗಿಂತ ಇದು ನನ್ನನ್ನು ಹೆಚ್ಚು ಬದಲಿಸಿದೆ.

ಊರಿನಲ್ಲಿ ಸುಗ್ಗಿ ಹಬ್ಬದ ಆರಾಧನೆಗೆ ರೈತರು ಜೋಳ, ಸಜ್ಜೆ ತಂದರೆ ನೇಕಾರರು ತಾವೇ ನೇಯ್ದ ಖಣ ತಂದು ಪೀಠದ ಮುಂದೆ ಇಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಹರಾಜು. ಇಲ್ಲಿ ಆ ಹಬ್ಬಕ್ಕೆ ಮೊಬೈಲಿನಲ್ಲೇ ಹಣ ಕಳಿಸುತ್ತೇವೆ. ಕೈಯ ಕೆಲಸವನ್ನು ಸಭೆ ಕಣ್ಣಾರೆ ಕಾಣುವುದೇ ಇಲ್ಲ. ಈ ವರ್ಷ ದರ್ಜಿ ತನ್ನ ಹೊಲಿಗೆಯನ್ನು, ದಾದಿ ತನ್ನ ಸಮವಸ್ತ್ರವನ್ನು, ಚಾಲಕ ತನ್ನ ಬಂಡಿಯ ಕೀಲಿಯನ್ನು ಪೀಠದ ಮುಂದಿಡಲಿ, ಸಭಾಪಾಲಕರು ಒಂದೊಂದು ಕೆಲಸದ ಹೆಸರು ಹೇಳಿ ಪ್ರಾರ್ಥಿಸಲಿ ಎಂದು ಇಲ್ಲಿನ ಸಭೆಯ ಹಿರಿಯರಿಗೆ ಪತ್ರ ಬರೆದಿದ್ದೇನೆ. ಮುಂದಿನ ಸಮಿತಿ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.