ಕಟ್ಟಿಗೆ ಬೆಂಕಿಯ ದುಬಾರಿ ಊಟ: ಅಷ್ಟು ದುಡ್ಡು ಕೊಡಬಹುದೇ?

ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ರೆಸ್ಟೋರೆಂಟ್. ಅಲ್ಲಿ ಎಲ್ಲ ಅಡುಗೆಯೂ ಕಟ್ಟಿಗೆ ಬೆಂಕಿಯಲ್ಲೇ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಅಕ್ಕ, ತಮ್ಮ ಇಬ್ಬರೂ ಒಂದು ಶನಿವಾರ ಸಂಜೆ ಅಲ್ಲಿ ಒಂದೇ ಮೇಜಿನಲ್ಲಿ ಕೂತು ಉಂಡರು. ಜೊತೆಗೆ ಅಮ್ಮ ಮತ್ತು ಭಾವ ಇದ್ದರು. ಆ ಊಟದ ಬಗ್ಗೆ ಅಕ್ಕ ತಮ್ಮನ ನಡುವೆ ಇವತ್ತಿಗೂ ಒಮ್ಮತವಿಲ್ಲ.

ಪರ: ಬೆಂಕಿ ಕಾಯುವ ಕೈಗೆ ಆ ಬೆಲೆ (ಅಕ್ಕ)

ಅರ್ಧ ಎಲೆಕೋಸಿಗೆ 780 ರೂಪಾಯಿ. ಇಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನನ್ನ ತಮ್ಮ ಅವತ್ತಿನಿಂದ ನೆಂಟರ ಮನೆಗೆ ಹೋದಲ್ಲೆಲ್ಲ ಇದನ್ನೇ ಹೇಳುತ್ತಿದ್ದಾನೆ.

ಆ ಎಲೆಕೋಸು ಹೇಗಿತ್ತು ಅಂತ ಮೊದಲು ಹೇಳಬೇಕು. ಹೊರಗಿನ ಎರಡು ಮೂರು ಎಲೆ ಸುಟ್ಟು ಕಾಗದದಂತೆ ಕರ್ರಗಾಗಿದ್ದವು. ಅವನ್ನು ಬಿಡಿಸಿದರೆ ಒಳಗೆ ಬೆಣ್ಣೆಯಂಥ ಮೆದು. ಚಮಚ ಇಟ್ಟರೆ ಸಾಕು, ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಲೆ ಗಟ್ಟಿ ಮೊಸರು, ಸ್ವಲ್ಪ ಗುರೆಳ್ಳು ಪುಡಿ. ಎಲೆಕೋಸಿಗೆ ಅಷ್ಟು ಸಿಹಿ ಇರುತ್ತದೆ ಅಂತ ನನಗೆ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಇದರಲ್ಲಿ ಮಾಯವೇನೂ ಇಲ್ಲ. ಹೊರಗಿನ ಎಲೆ ಸುಟ್ಟು ಕವಚವಾಗುತ್ತದೆ. ಒಳಗಿನದು ತನ್ನದೇ ನೀರಿನ ಹಬೆಯಲ್ಲಿ ನಿಧಾನಕ್ಕೆ ಬೇಯುತ್ತದೆ. ನಮ್ಮಜ್ಜಿ ಒಲೆಯ ಕೆಂಡದಲ್ಲಿ ಬದನೆಕಾಯಿ ಹೂತಿಟ್ಟು ಗೊಜ್ಜು ಮಾಡುತ್ತಿದ್ದುದೂ ಹೀಗೇ. ಗ್ಯಾಸಿನ ಉರಿಯ ಮೇಲೆ ಬದನೆಕಾಯಿ ಸುಟ್ಟವರಿಗೆ ಆ ಗೊಜ್ಜಿನ ರುಚಿ ಯಾಕೆ ಬರಲ್ಲ ಅಂತ ಗೊತ್ತಿರುತ್ತದೆ. ಸಿಪ್ಪೆ ಸುಡುತ್ತದೆ, ಬುಡದ ಹತ್ತಿರ ಹಸಿ ಉಳಿಯುತ್ತದೆ, ಹೊಗೆಯ ಘಮ ಇರೋದೇ ಇಲ್ಲ.

ನಾನು ಕೂತಿದ್ದು ಬೆಂಕಿಗೆ ಎದುರಾಗಿ. ಅಡುಗೆಮನೆ ತೆರೆದೇ ಇತ್ತು. ಒಲೆಯ ಎಡಗಡೆ ದೊಡ್ಡ ಕಟ್ಟಿಗೆ ಉರಿಯುತ್ತಿತ್ತು. ಅಡುಗೆಯವನು ಅಲ್ಲಿಂದ ಕೆಂಡ ಎಳೆದು ಬಲಗಡೆ ಕಬ್ಬಿಣದ ಜಾಲರಿಯ ಕೆಳಗೆ ಹರಡುತ್ತಿದ್ದ. ಆಮೇಲೆ ಅಂಗೈಯನ್ನು ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯುತ್ತಿದ್ದ. ಬಾಯಲ್ಲಿ ಎಣಿಕೆ. ಮೂರಕ್ಕೇ ಕೈ ತೆಗೆದರೆ ಕೆಂಡ ಸರಿಸುತ್ತಿದ್ದ. ಆರರವರೆಗೂ ತಡೆದರೆ ಇನ್ನಷ್ಟು ಎಳೆಯುತ್ತಿದ್ದ. ಅವನ ಥರ್ಮಾಮೀಟರ್ ಅದೇ. ಒಂದೂವರೆ ಗಂಟೆಯಲ್ಲಿ ಎಷ್ಟು ಸಲ ಹಾಗೆ ಕೈ ಹಿಡಿದನೋ, ನಾನು ಲೆಕ್ಕ ಬಿಟ್ಟೆ. ನಾನು ದುಡ್ಡು ಕೊಟ್ಟಿದ್ದು ಆ ಕೈಗೆ.

ಗ್ಯಾಸಿನ ಗುಂಡಿ ಇವತ್ತು ತಿರುಗಿಸಿದರೂ ನಾಳೆ ತಿರುಗಿಸಿದರೂ ಅದೇ ಉರಿ. ಕಟ್ಟಿಗೆ ಹಾಗಲ್ಲ. ಆರು ಗಂಟೆಯ ಬೆಂಕಿ ಬೇರೆ, ಎಂಟರ ಬೆಂಕಿ ಬೇರೆ. ಜಾಲಿಯ ಕೆಂಡ ಬೇರೆ, ಮಾವಿನ ಕೆಂಡ ಬೇರೆ. ಕಟ್ಟಿಗೆ ಹಸಿ ಇದ್ದರಂತೂ ಶಾಖವೆಲ್ಲ ಅದರ ನೀರು ಆರಿಸೋದಕ್ಕೇ ಹೋಗುತ್ತದೆ, ಹೊಗೆ ಮಾತ್ರ ಉಳಿಯುತ್ತದೆ. ಉಡುಪಿ ಕೃಷ್ಣಮಠದಲ್ಲಿ ಪರ್ಯಾಯಕ್ಕೆ ತುಂಬ ಮೊದಲೇ ಕಟ್ಟಿಗೆ ಮುಹೂರ್ತ ಮಾಡುತ್ತಾರಲ್ಲ, ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಇದೇ ಅನಿಸುತ್ತದೆ. ಅಡುಗೆ ಶುರುವಾಗೋದು ಒಲೆ ಹಚ್ಚಿದಾಗ ಅಲ್ಲ, ಕಟ್ಟಿಗೆ ಒಟ್ಟಿದಾಗ.

ಇದು ಸುಮ್ನೆ ಫ್ಯಾಷನ್ ಅನ್ನುವವರಿಗೆ ಒಂದು ಮಾತು. ಸ್ಪೇನಿನ ಬಾಸ್ಕ್ ಸೀಮೆಯ ಆಶ್ಪೆ ಎಂಬ ಪುಟ್ಟ ಊರಿನಲ್ಲಿ ಬಿಟ್ಟೋರ್ ಅರ್ಗಿನ್ಸೋನಿಸ್ 1990ರಲ್ಲಿ ಎಚೆಬಾರ್ರಿ ಎಂಬ ರೆಸ್ಟೋರೆಂಟ್ ತೆರೆದರು. ಬೇಕಾದ ಜಾಲರಿ ಸಿಗದೇ ತಾವೇ ಮಾಡಿಸಿಕೊಂಡರು. ಚಕ್ರ ತಿರುಗಿಸಿದರೆ ಅದು ಕೆಂಡದಿಂದ ಮೇಲೆ ಕೆಳಗೆ ಸರಿಯುತ್ತದೆ. ಹಾಲಿಗೂ ಹೊಗೆಯ ಘಮ ಹಿಡಿಸಿ ಐಸ್‌ಕ್ರೀಮ್ ಮಾಡುತ್ತಾರೆ. ಅವರ ಹತ್ತಿರ ಕೆಲಸ ಕಲಿತ ಲೆನಕ್ಸ್ ಹೇಸ್ಟಿ 2015ರಲ್ಲಿ ಸಿಡ್ನಿಯಲ್ಲಿ ಫೈರ್‌ಡೋರ್ ತೆರೆದರು. ಅಲ್ಲಿಯೂ ಗ್ಯಾಸ್ ಇಲ್ಲ, ಕಟ್ಟಿಗೆ ಮಾತ್ರ. ಒಬ್ಬ ಮನುಷ್ಯ ಮೂವತ್ತು ವರ್ಷಕ್ಕೂ ಜಾಸ್ತಿ ಒಂದೇ ಬೆಂಕಿಯ ಮುಂದೆ ನಿಂತಿದ್ದಾನೆ ಅಂದರೆ ಅದು ಶೋಕಿ ಆಗಿರೋಕೆ ಸಾಧ್ಯ ಇಲ್ಲ ಅಲ್ವಾ?

ಅವತ್ತು ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಐಸ್‌ಕ್ರೀಮ್‌ಗೆ ಹೊಗೆ ಜಾಸ್ತಿಯಾಗಿತ್ತು, ನಾಲಗೆಯ ಹಿಂಭಾಗದಲ್ಲಿ ಒಗರು ಉಳಿಯಿತು. ಆ ಜಾಗಕ್ಕೆ ನಾನು ಒಟ್ಟು ನಾಲ್ಕು ಸಲ ಹೋಗಿದ್ದೇನೆ. ಮೂರು ಸಲ ಖುಷಿಯಾಗಿ ಬಂದೆ, ಒಂದು ಸಲ ಬೇಜಾರಾಗಿ. ಬೇಜಾರಾದ ದಿನವೂ ಶನಿವಾರವೇ, ರಾತ್ರಿ ಒಂಬತ್ತರ ಮೇಲೆ. ಜನ ತುಂಬಿದಾಗ ಕಟ್ಟಿಗೆ ಮೇಲೆ ಕಟ್ಟಿಗೆ ಒಟ್ಟುತ್ತಾರೆ. ಅದು ಕೆಂಡವಾಗುವವರೆಗೆ ಕಾಯೋಕೆ ಪುರುಸೊತ್ತು ಇರಲ್ಲ, ಉರಿಯ ಮೇಲೇ ಬೇಯಿಸುತ್ತಾರೆ. ಹೊರಗೆ ಕರಿ, ಒಳಗೆ ಹಸಿ. ಅಂಥ ಜಾಗಕ್ಕೆ ಹೋದ ಒಬ್ಬರು ಹೊಗಳಿ ಇನ್ನೊಬ್ಬರು ಬೈಯುವುದು ಇದಕ್ಕೇ. ಇಬ್ಬರೂ ಸುಳ್ಳು ಹೇಳುತ್ತಿರಲ್ಲ, ಅವರು ಉಂಡ ಬೆಂಕಿಯೇ ಬೇರೆ ಬೇರೆ. ಹೋಗುವುದಾದರೆ ಮಂಗಳವಾರವೋ ಬುಧವಾರವೋ ಏಳು ಗಂಟೆಗೆ ಹೋಗಿ. ಒಲೆ ಕಾಣುವ ಕಡೆ ಕೂರಿಸಿ ಅಂತ ಮೊದಲೇ ಕೇಳಿ.

ಮತ್ತೆ ಬೆಲೆ. ತಮ್ಮ ಬೆಣ್ಣೆ ದೋಸೆಯ ಲೆಕ್ಕ ತೆಗೆಯುತ್ತಾನೆ, ನನಗೆ ಗೊತ್ತು. ದಾವಣಗೆರೆ ದೋಸೆಯ ಮುಂದೆ ನಾನೂ ತಲೆ ಬಾಗುತ್ತೇನೆ. ಆದರೆ ಅಲ್ಲಿ ಒಂದು ಹಂಚು, ಒಂದು ಹಿಟ್ಟು. ಐದು ನಿಮಿಷಕ್ಕೊಂದು ಸಲ ಹಂಚು ಖಾಲಿಯಾಗಿ ತುಂಬುತ್ತದೆ. ಇಲ್ಲಿ ರೊಟ್ಟಿ, ಕುಂಬಳ, ಎಲೆಕೋಸು, ಅಣಬೆ, ಪಿಜ್ಜಾ ಎಲ್ಲಕ್ಕೂ ಬೇರೆ ಬೇರೆ ಶಾಖ ಬೇಕು. ನೇಪಲ್ಸ್ ಪದ್ಧತಿಯ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ, ಅದಕ್ಕೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖ. ಗೂಡು ಅಷ್ಟು ಕಾಯಬೇಕಾದರೆ ಗಿರಾಕಿ ಬರುವ ಗಂಟೆಗಟ್ಟಲೆ ಮೊದಲೇ ಹಚ್ಚಬೇಕು. ಎಲೆಕೋಸಿಗೋ, ಒಂದು ಗಂಟೆಯ ಹದ ಕೆಂಡ. ಎರಡನ್ನೂ ಒಂದೇ ಬೆಂಕಿಯಿಂದ ತೆಗೆಯುವವನಿಗೆ ಒಳ್ಳೆಯ ಸಂಬಳ ಸಿಗಲಿ ಅಂತ ನಾನು ಬಯಸುತ್ತೇನೆ. ವರ್ಷಕ್ಕೆ ಒಂದೆರಡು ಸಲ ಅದಕ್ಕಾಗಿ ಖರ್ಚು ಮಾಡೋಕೆ ನನಗೆ ಸಂಕೋಚವಿಲ್ಲ.

ವಿರೋಧ: ಎರಡನೇ ಎಲೆಕೋಸಿನ ಮಾತು (ತಮ್ಮ)

ಅಕ್ಕ ಒಂದು ವಿಷಯ ಬಿಟ್ಟಿದ್ದಾಳೆ. ಅವತ್ತು ಮೇಜಿಗೆ ಬಂದಿದ್ದು ಎರಡು ಎಲೆಕೋಸು.

ಮೊದಲನೆಯದು ನಿಜಕ್ಕೂ ಚೆನ್ನಾಗಿತ್ತು. ನನಗೆ ಸಿಕ್ಕಿದ್ದು ಎರಡು ಚಮಚ, ಆದರೂ ಒಪ್ಪುತ್ತೇನೆ. ಅದಕ್ಕೇ ನಾನೇ ಇನ್ನೊಂದು ಹೇಳಿದೆ. ಅದು ಬರೋಕೆ ಒಂದು ಗಂಟೆ ಹತ್ತು ನಿಮಿಷ ಆಯಿತು. ಹೊರಗೆ ಕಹಿ ಕರಿ, ನಡುವಿನ ದಿಂಡಿಗೆ ಚಾಕು ಇಳಿಯಲಿಲ್ಲ. ಅಕ್ಕ ಅದನ್ನು ಮುಟ್ಟಲಿಲ್ಲ, ಅಷ್ಟು ಹೊತ್ತಿಗೆ ಅವಳು ಐಸ್‌ಕ್ರೀಮ್ ತಿನ್ನುತ್ತಿದ್ದಳು. ನಾನು ಬಡಿಸುವ ಹುಡುಗನನ್ನು ಕರೆದು ತೋರಿಸಿದೆ. ಅವನು ಹೇಳಿದ್ದು ಇಷ್ಟು: "ಕಟ್ಟಿಗೆ ಒಲೆ ಸರ್, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಹೇಳೋಕೆ ಕಲಿಸಿದ್ದಾರೆ. ನನ್ನ ತಕರಾರು ಇರೋದು ಆ ಮಾತಿನ ಮೇಲೇ. ಅಕ್ಕನ ವಾದ ನೋಡಿ. ಬೆಂಕಿ ಒಂದೇ ಥರ ಇರಲ್ಲ, ಅದನ್ನು ಹದಕ್ಕೆ ತರುವ ಕೈಗೆ ದುಡ್ಡು ಅನ್ನುತ್ತಾಳೆ. ಸರಿ. ಹಾಗಾದರೆ ಹದ ತಪ್ಪಿದಾಗ ಆ ದುಡ್ಡು ಯಾತಕ್ಕೆ? ಎರಡು ತಟ್ಟೆಗೂ 780ರಂತೆ 1560 ರೂಪಾಯಿ ಬಿಲ್ಲಿನಲ್ಲಿತ್ತು. ಚೆನ್ನಾಗಿ ಬಂದರೆ ಅಡುಗೆಯವನ ಕೈಗುಣ, ಕೆಟ್ಟರೆ ಬೆಂಕಿಯ ಗುಣ ಅಂದರೆ ನಷ್ಟ ಯಾವಾಗಲೂ ಗಿರಾಕಿಗೇ. ಮಂಗಳವಾರ ಏಳು ಗಂಟೆಗೆ ಹೋಗಿ ಅನ್ನುವ ಸಲಹೆಯೂ ಅಷ್ಟೇ. ಶನಿವಾರ ಅಷ್ಟು ಜನರಿಗೆ ಬೇಯಿಸೋಕೆ ಆಗದಿದ್ದರೆ ಕಡಿಮೆ ಮೇಜು ಹಾಕಬೇಕು. ಶನಿವಾರಕ್ಕೆ ಬೇರೆ ರೇಟ್ ಇಲ್ಲವಲ್ಲ!

ಈಗ ದೋಸೆಯ ಮಾತು. ಲೆಕ್ಕ ತೆಗೆಯುತ್ತೇನೆ ಅಂತ ಅವಳಿಗೆ ಗೊತ್ತಿತ್ತಂತೆ, ತೆಗೆದೇ ತೆಗೆಯುತ್ತೇನೆ. ಚಿಕ್ಕಂದಿನಲ್ಲಿ ನಾನು ಅಪ್ಪನ ಜೊತೆ ಭಾನುವಾರ ಬೆಳಿಗ್ಗೆ ದೋಸೆ ಹೋಟೆಲಿಗೆ ಹೋಗುತ್ತಿದ್ದೆ. ಜಾಗ ಸಿಗುವವರೆಗೆ ಹಂಚಿನ ಪಕ್ಕದಲ್ಲೇ ನಿಲ್ಲಬೇಕಿತ್ತು. ದೋಸೆ ಹಾಕುವವರು ನೀರು ಚಿಮುಕಿಸುತ್ತಿದ್ದರು. ಆ ಚುಂಯ್ ಸದ್ದಿನಲ್ಲೇ ಅವರಿಗೆ ಕಾವು ಗೊತ್ತಾಗುತ್ತಿತ್ತು. ಜಾಸ್ತಿ ಅನಿಸಿದರೆ ಕಾಲಿನಿಂದ ಒಂದು ಕಟ್ಟಿಗೆಯನ್ನು ಗೇಣುದ್ದ ಹೊರಗೆ ಎಳೆಯುತ್ತಿದ್ದರು. ಕಡಿಮೆಯಾದರೆ ಒಳಗೆ ತಳ್ಳುತ್ತಿದ್ದರು. ಪೊರಕೆಯಿಂದ ಹಂಚು ಗುಡಿಸಿ ಸಾಲಾಗಿ ಎಂಟು ದೋಸೆ, ಒಂದೊಂದರ ಮೇಲೂ ಬೆಣ್ಣೆ. ಯಾವುದಾದರೂ ಒಂದು ಸೀದರೆ ನಾವು ಹೇಳುವ ಮೊದಲೇ ಅವರೇ ಅದನ್ನು ಎತ್ತಿ ಪಕ್ಕಕ್ಕೆ ಹಾಕುತ್ತಿದ್ದರು. ಕಟ್ಟಿಗೆ ಒಲೆ, ಹೆಚ್ಚುಕಮ್ಮಿ ಆಗುತ್ತೆ ಅನ್ನುವ ಮಾತನ್ನು ನಾನು ಅಲ್ಲಿ ಒಂದು ಸಲವೂ ಕೇಳಿಲ್ಲ. ಭಾನುವಾರದ ಆ ನೂಕುನುಗ್ಗಲಿನಲ್ಲೂ ಕೇಳಿಲ್ಲ. ಒಂದೇ ಹಂಚು, ಒಂದೇ ಹಿಟ್ಟು ಅನ್ನುತ್ತಾಳೆ ಅಕ್ಕ. ಒಪ್ಪಿದೆ. ಆದರೆ ಸೀದದ್ದನ್ನು ಎತ್ತಿ ಪಕ್ಕಕ್ಕೆ ಇಡೋಕೆ ಎಷ್ಟು ಹಂಚು ಇದ್ದರೇನು?

ಇನ್ನು ಹೊಗೆ. ನಾನು ಬೆಂಕಿಗೆ ಬೆನ್ನು ಹಾಕಿ ಕೂತಿದ್ದೆ, ಪಕ್ಕದಲ್ಲಿ ಅಮ್ಮ. ಎಂಟು ಗಂಟೆಯ ಹೊತ್ತಿಗೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಕಾರಿನಲ್ಲಿ ಸೀರೆ ಮೂಸಿ ನೋಡಿ, "ಈ ವಾಸನೆ ತಪ್ಪಲಿ ಅಂತಾನೇ ನಿಮ್ಮಪ್ಪ ಸಾಲ ಮಾಡಿ ಗ್ಯಾಸ್ ತಂದಿದ್ದು" ಅಂದಳು. ಅಜ್ಜಿಯ ಬದನೆಕಾಯಿ ಗೊಜ್ಜು ಅಕ್ಕನಿಗೆ ನೆನಪಿದೆ. ಅಜ್ಜಿಯ ಕೆಮ್ಮು ನನಗೆ ನೆನಪಿದೆ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆ ಉಳಿಯಲಿ, ಹೊಗೆ ಕಡಿಮೆಯಾಗಲಿ ಅಂತ ಅಸ್ತ್ರ ಒಲೆ ಎಂಬ ಸುಧಾರಿತ ಕಟ್ಟಿಗೆ ಒಲೆ ರೂಪಿಸಿ ಹಳ್ಳಿಗಳಿಗೆ ಕೊಟ್ಟರು. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡುವ ಉಜ್ವಲ ಯೋಜನೆ ಬಂದಿದ್ದೂ ಹೊಗೆ ತಪ್ಪಲಿ ಅಂತಲೇ. ಹೊಗೆಯಿಂದ ತಪ್ಪಿಸಿಕೊಳ್ಳೋಕೆ ನಮ್ಮ ಹಿಂದಿನವರು ಎಷ್ಟು ಕಷ್ಟಪಟ್ಟರು ಅಂತ ಮರೆಯೋಕಾಗಲ್ಲ.

ಕಟ್ಟಿಗೆ ಅಡುಗೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಷ್ಟು ದುಡ್ಡು ತೆಗೆದುಕೊಳ್ಳುವವರು ಮೊದಲು ಖರ್ಚು ಮಾಡಬೇಕಾದ್ದು ಚಿಮಣಿಗೆ. ಅಂಗೈ ಹಿಡಿದು ಎಣಿಸುತ್ತಿದ್ದ ಆ ಹುಡುಗನ ಕೈ ಅಕ್ಕನಿಗೆ ಕಂಡಿತು. ಕೈ ತೊಳೆಯೋಕೆ ಎದ್ದಾಗ ನನಗೆ ಅವನ ಕಣ್ಣು ಕಂಡಿತು, ಕೆಂಪಗೆ ಊದಿತ್ತು. ನಾವು ಎರಡು ಗಂಟೆ ಕೂತು ಎದ್ದು ಬಂದೆವು, ಅವನು ದಿನಾ ನಿಲ್ಲಬೇಕು. ಸುತ್ತಲಿನ ಮನೆಯವರೂ ಅದೇ ಗಾಳಿ ಕುಡಿಯಬೇಕು. ಮುಂಬೈಯಲ್ಲಿ ಕಟ್ಟಿಗೆ, ಇದ್ದಿಲು ಸುಡುವ ಬೇಕರಿಗಳು ಬೇರೆ ಇಂಧನಕ್ಕೆ ಬದಲಾಗಬೇಕು ಅಂತ 2025ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಹತ್ತು ಇಪ್ಪತ್ತು ರೂಪಾಯಿಯ ಪಾವ್ ಮಾಡುವವರಿಗೇ ಆ ಕಟ್ಟಳೆ ಇರುವಾಗ ದೊಡ್ಡ ಬಿಲ್ಲಿನ ಜಾಗಗಳನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಬಿಲ್ಲಿನ ವಿಷಯ ಅಕ್ಕನಿಗೆ ಇಷ್ಟವಾಗಲ್ಲ, ಆದರೂ ಹೇಳುತ್ತೇನೆ. ನಾಲ್ವರ ಊಟ 9640 ರೂಪಾಯಿ. ಅದರ ಮೇಲೆ ಕೇಳದೆಯೇ 10 ಪರ್ಸೆಂಟ್ ಸರ್ವಿಸ್ ಚಾರ್ಜ್. ಎಲ್ಲದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ. ಒಟ್ಟು 11,134. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಾನು ಕೇಳಿದೆ, ಹತ್ತು ನಿಮಿಷ ಕಾಯಿಸಿ ತೆಗೆದರು. ಆ ಹತ್ತು ನಿಮಿಷ ಅಕ್ಕ ಮುಜುಗರಪಟ್ಟು ಗೋಡೆ ನೋಡುತ್ತಾ ಕೂತಿದ್ದಳು. ನ್ಯಾಯವಾದದ್ದು ಕೇಳೋಕೆ ಯಾಕೆ ನಾಚಿಕೆ? ದುಬಾರಿ ಜಾಗದಲ್ಲಿ ಕೂತ ತಕ್ಷಣ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಕೊಟ್ಟ ದುಡ್ಡು ದಂಡ ಅಂತ ಒಪ್ಪೋಕೆ ಮನಸ್ಸು ಬರಲ್ಲ, ಚೆನ್ನಾಗಿತ್ತು ಅಂದುಬಿಡುತ್ತೇವೆ.

ಎಂಟೂವರೆಗೆ ಮೇಜು ಬಿಡಬೇಕು ಅಂತ ಬುಕ್ ಮಾಡುವಾಗಲೇ ಹೇಳಿದ್ದರು. ಬೆಂಕಿಯ ಅಡುಗೆ ನಿಧಾನ, ಕಾಯಬೇಕು ಅನ್ನುತ್ತಾರೆ. ಉಣ್ಣುವವರಿಗೆ ಮಾತ್ರ ಗಡಿಯಾರ ತೋರಿಸುತ್ತಾರೆ. ಎರಡನೇ ಎಲೆಕೋಸು ಬಂದಾಗ ನಮಗೆ ಉಳಿದಿದ್ದು ಹದಿನೈದು ನಿಮಿಷ. ಬೇರೆ ಮಾಡಿಕೊಡಿ ಅಂತ ಕೇಳೋಕೂ ಹೊತ್ತಿರಲಿಲ್ಲ.

ಅದನ್ನು ಕಟ್ಟಿಸಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಅಮ್ಮ ಕರಿ ಎಲೆ ಎಲ್ಲ ತೆಗೆದು, ಗಟ್ಟಿ ದಿಂಡು ಸಣ್ಣಗೆ ಹೆಚ್ಚಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ ಗ್ಯಾಸ್ ಮೇಲೆ ಪಲ್ಯ ಮಾಡಿದಳು. ಕೊನೆಗೆ ಒಂದು ಹಿಡಿ ಕಾಯಿತುರಿ. ಜೋಳದ ರೊಟ್ಟಿಗೆ ಅದನ್ನೇ ಹಚ್ಚಿಕೊಂಡು ತಿಂದೆವು. ಅಕ್ಕ ಎರಡು ಸಲ ಹಾಕಿಸಿಕೊಂಡಳು.