ಹನ್ನೊಂದನೇ ನಂಬರಿನ ಮಹಿಮೆ

ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವ ಬಾಯಲ್ಲಿ, ಮತ್ತೆ ಬೋಟು ಮಗುಚಿದ ಸುದ್ದಿ ನೀವೂ ಓದಿರುತ್ತೀರಿ. ಹೋದ ವರ್ಷದ ವರದಿಗೇ ಊರಿನ ಹೆಸರು ಬದಲಿಸಿ ಅಚ್ಚು ಹಾಕಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಈ ಸಲ ಹೊಸದೆಂದರೆ ಧಕ್ಕೆಯಲ್ಲಿ ಎದ್ದ ಫ್ಲೆಕ್ಸ್: 'ಅಳಿವೆಯಲ್ಲಿ ಮರಳು ದಿಬ್ಬ, ಎಚ್ಚರಿಕೆ.' ಅದರ ಮುಖ ರಸ್ತೆಯ ಕಡೆಗಿದೆ. ಇನ್ನು ಮೇಲೆ ಯಾವ ಸ್ಕೂಟರೂ ದಿಬ್ಬಕ್ಕೆ ಬಡಿಯಲಾರದು.

ನಮ್ಮಲ್ಲಿ ನಿಯಮಕ್ಕೇನೂ ಬರವಿಲ್ಲ. ಸಮುದ್ರದಿಂದ ಬಂದರಿಗೆ ಬರುವವನ ಎಡಕ್ಕೆ ಕೆಂಪು ಬೋಯಾ (ದಾರಿ ತೋರಿಸುವ ತೇಲುವ ಗುರುತು), ಬಲಕ್ಕೆ ಹಸಿರು. ಅಮೆರಿಕದಲ್ಲಿ ಇದು ಉಲ್ಟಾ. ನಮ್ಮ ಎಷ್ಟೋ ಅಳಿವೆಗಳಲ್ಲಿ ಆ ಗೊಂದಲಕ್ಕೆ ಜಾಗವೇ ಇಲ್ಲ, ಏಕೆಂದರೆ ಎರಡೂ ಇಲ್ಲ.

ಬಂದರಿನ ಕಂಬಕ್ಕೆ ಏರಿಸುವ ಹವಾಮಾನ ಎಚ್ಚರಿಕೆಯ ಸಂಕೇತಗಳನ್ನಂತೂ ಹೊಗಳಲೇಬೇಕು. ಒಟ್ಟು 11, ಹಗಲು ಶಂಕು, ಉರುಳೆ, ರಾತ್ರಿ ಕೆಂಪು-ಬಿಳಿ ದೀಪ. 1, 2 ದೂರದ ಸಮುದ್ರದ ಸಮಾಚಾರ. 3 ಬಂತೆಂದರೆ ಬಿರುಗಾಳಿ ಹವೆ, ಟಿವಿಯವರಿಗೆ ಹಬ್ಬ. 5ರಿಂದ 10ರ ತನಕ ಚಂಡಮಾರುತ ಬಂದರಿನ ಎಡಕ್ಕೋ ಬಲಕ್ಕೋ ನೆತ್ತಿಯ ಮೇಲೋ ಎಂಬ ಲೆಕ್ಕ. ಎಲ್ಲಕ್ಕಿಂತ ದೊಡ್ಡ ನಂಬರು 11 ಏನು ಗೊತ್ತೇ? ಹವಾಮಾನ ಕೇಂದ್ರದ ಜತೆ ಸಂಪರ್ಕವೇ ಕಡಿದಿದೆ, ಹವೆ ಕೆಡುವ ಹಾಗೆ ಕಾಣುತ್ತದೆ ಎಂದು ಸ್ಥಳೀಯ ಅಧಿಕಾರಿಯ ಅಂದಾಜು. ಸರಕಾರಿ ಸಾಹಿತ್ಯದಲ್ಲಿ ಇಷ್ಟು ಪ್ರಾಮಾಣಿಕವಾದ ಸಾಲು ಇನ್ನೊಂದಿರಲಿಕ್ಕಿಲ್ಲ. ಮರಳಿಗೆ ಮಾತ್ರ ಯಾವ ನಂಬರೂ ಇಲ್ಲ.

ದೇಶದ ದೀಪಸ್ತಂಭಗಳ ಪ್ರಧಾನ ಕಚೇರಿ ನೋಯ್ಡಾದಲ್ಲಿ, ಸಮುದ್ರದ ನಕ್ಷೆ ತಯಾರಾಗುವುದು ಹಿಮಾಲಯದ ಬುಡದ ಡೆಹ್ರಾಡೂನಿನಲ್ಲಿ. ನಗಬೇಡಿ, ಅವರ ಕೆಲಸ ಅವರು ಮಾಡುತ್ತಾರೆ. ಕಾಪುವಿನ ದೀಪಸ್ತಂಭ 1901ರಿಂದ ನಿಂತಿದೆ. ಆದರೆ ಆ ಬೆಳಕು ದೂರದ ಹಡಗಿಗೆ. ಬಾಗಿಲಿಗೆ ಬಂದ ಬೋಟಿಗೆ ಬೇಕಾದದ್ದು ನೀರಿನ ಮೇಲಿನ ಗುರುತು.

ಆ ಗುರುತಿನ ಹಣೆಬರಹ ಕೇಳಿ. ತಳದಲ್ಲಿ ಕಾಂಕ್ರೀಟ್ ದಿಂಡು, ಅದಕ್ಕೆ ನೀರಿನ ಆಳದ ಮೂರು ಪಟ್ಟು ಉದ್ದದ ಸರಪಳಿ. ಸರಪಳಿ ನೆಲ ಮುಟ್ಟುವಲ್ಲಿ ಪ್ರತಿ ಅಲೆಗೂ ಎದ್ದು ಬಿದ್ದು ಮರಳಿನಲ್ಲಿ ತೇಯುತ್ತದೆ. ಅಲ್ಲಿಯ ಕೊಂಡಿಗಳೇ ಮೊದಲು ಸವೆಯುವುದು. ವರ್ಷಕ್ಕೊಮ್ಮೆ ಮೇಲೆತ್ತಿ ಅಳೆದು, ಸವೆದದ್ದನ್ನು ಬದಲಿಸಬೇಕು. ನಮ್ಮಲ್ಲಿ ಉದ್ಘಾಟನೆಯ ದಿನ ನೀರಿಗಿಳಿದದ್ದು ಮತ್ತೆ ಮೇಲೆ ಬರುವುದು ಕೊಂಡಿ ತುಂಡಾದ ಮೇಲೆಯೇ. ಮೇಲಿನ ಸೋಲಾರ್ ಫಲಕಕ್ಕೆ ಕಡಲಹಕ್ಕಿಗಳು ಸುಣ್ಣ ಬಳಿದರೆ ಚಾರ್ಜ್ ಇಲ್ಲ, ದೀಪವೂ ಇಲ್ಲ. ಸರಿದುಹೋದ ಬೋಯಾ ಇಲ್ಲದ ಬೋಯಾಕ್ಕಿಂತ ಕೇಡು. ಅದನ್ನು ನಂಬಿದ ತಾಂಡೇಲ, ಅಂದರೆ ಬೋಟು ನಡೆಸುವವ, ನೆಟ್ಟಗೆ ದಿಬ್ಬಕ್ಕೇ ಹೋಗುತ್ತಾನೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮರಳಿಗೆ ರಜೆ ಇಲ್ಲ. ನದಿ ಹೂಳು ತರುತ್ತದೆ, ಅಲೆ ಮರಳು ಒಟ್ಟುತ್ತದೆ, ದಾರಿ ಪಕ್ಕಕ್ಕೆ ಸರಿಯುತ್ತದೆ. ಆಗಸ್ಟಿನಲ್ಲಿ ಬೋಟುಗಳು ಹೊರಡುವುದು ಮೇ ತಿಂಗಳ ನೆನಪಿನ ಮೇಲೆ. ನಾವು ಮಾಡುವುದು? ಮಳೆಗೆ ಮುಂಚೆ ಡ್ರೆಜ್ಜಿಂಗ್, ಅಂದರೆ ಹೂಳೆತ್ತುವುದು. ತೆಗೆದ ಮರಳನ್ನು ಹತ್ತಿರದಲ್ಲೇ ಸುರಿಯುವುದು. ಅದು ಬಿಲ್ ಪಾಸಾಗುವ ಮೊದಲೇ ಮನೆಗೆ ವಾಪಸ್.

ಸಾಕು ತಮಾಷೆ. ಸತ್ತವರು ಜಾಗ್ರತೆ ಇಲ್ಲದವರಲ್ಲ. ದಾರಿ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಜುಲೈ ಕೊನೆಯ ವಾರ ಒಂದು ದೋಣಿ, ಸದ್ದಿನ ಪ್ರತಿಧ್ವನಿಯಿಂದ ಆಳ ಅಳೆಯುವ ಒಂದು ಎಕೋ ಸೌಂಡರ್. ಉಬ್ಬರ ಇಳಿತದ ಏರುಪೇರು ಕಳೆದು ಆಳದ ಲೆಕ್ಕ. ಅದರಂತೆ ನಾಲ್ಕು ಬೋಯಾ ಸರಿಸಿ, ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಓದಿ ಹೇಳಿ. ಇಷ್ಟಕ್ಕೆ ಅಧ್ಯಯನ ಸಮಿತಿ ಯಾಕೆ ಮಾರಾಯ್ರೆ?