ಕಾಫಿ ಕಣದಲ್ಲಿ ಹಾಯಿ

ಕೊಡಗಿನಲ್ಲಿ ಸಮುದ್ರವಿಲ್ಲ ಎಂಬುದು ಮೂರನೇ ತರಗತಿಯ ಮಗುವಿಗೂ ಗೊತ್ತು. ನನ್ನ ಭಾವ ಮಾತ್ರ ಒಪ್ಪುವುದಿಲ್ಲ. "ಇದೆ, ಸ್ವಲ್ಪ ಕೆಳಗಿದೆ, ಅಷ್ಟೇ" ಎನ್ನುತ್ತಾರೆ. ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ, ಸುಮಾರು 150 ಕಿಲೋಮೀಟರ್ ಹೋದರೆ ಸಿಗುವ ಮಂಗಳೂರಿನ ಕಡಲು ಅವರ ಲೆಕ್ಕದಲ್ಲಿ ಸುಂಟಿಕೊಪ್ಪದ ನಮ್ಮ ತೋಟದ ಕೊನೆಯ ಬೇಲಿ.

ಕಾರ್ಯಪ್ಪನವರೂ ತಿಮ್ಮಯ್ಯನವರೂ ಹುಟ್ಟಿದ ಜಿಲ್ಲೆಯಲ್ಲಿ ಸೈನ್ಯಕ್ಕೆ ಸೇರಿದೆ ಎಂದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಅದಕ್ಕೇ ಇರಬೇಕು, ಭಾವ ನೌಕಾಪಡೆಗೆ ಸೇರಿದರು. ನಿವೃತ್ತರಾಗಿ ಬಂದವರು ಹೋಮ್‌ಸ್ಟೇ ಮಾಡಬಹುದಿತ್ತು, ಬೆಣ್ಣೆಹಣ್ಣಿನ ಗಿಡ ನೆಡಬಹುದಿತ್ತು. ಕರಾವಳಿಗೆ ಹೋಗಿ 22 ಅಡಿಯ ಒಂದು ಹಳೆಯ ಹಾಯಿದೋಣಿಯನ್ನು ಕೊಂಡುಕೊಂಡರು. ಕೊಂಡದ್ದನ್ನು ಅಲ್ಲಿಯೇ ಬಿಟ್ಟಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಉಪ್ಪುಗಾಳಿಯಲ್ಲಿ ರಿಪೇರಿ ಮಾಡುವುದೆಂದರೆ ಮಳೆಯಲ್ಲಿ ಕಾಫಿ ಒಣಗಿಸಿದಂತೆ ಎಂದು ಹೇಳಿ, ಅದನ್ನು ಟ್ರೇಲರಿನ ಮೇಲೆ ಹೇರಿಸಿ ಘಾಟಿ ಹತ್ತಿಸಿದರು. ಅವರ ಮನೆಯ ಅಂಗಳ ಚಿಕ್ಕದು. ನನ್ನ ಕಣ ದೊಡ್ಡದು, ಸಿಮೆಂಟಿನದು, ಸಮತಟ್ಟಾದದ್ದು. ದೋಣಿ ಎಲ್ಲಿಗೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಇಪ್ಪತ್ತೈದು ವರ್ಷ ಇವರನ್ನು ಸಮುದ್ರಕ್ಕೆ ಕೊಟ್ಟು ಕಾದೆ. ಈಗ ಸಮುದ್ರವನ್ನೇ ನಿನ್ನ ಕಣಕ್ಕೆ ತಂದರು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ದುಃಖಕ್ಕಿಂತ, ಅದು ತನ್ನ ಅಂಗಳಕ್ಕೆ ಬರಲಿಲ್ಲವಲ್ಲ ಎಂಬ ನೆಮ್ಮದಿಯೇ ಹೆಚ್ಚಾಗಿತ್ತು.

ಮಾರ್ಚ್ ತಿಂಗಳು. ಕಣದ ಮುಕ್ಕಾಲು ಭಾಗದಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗುತ್ತಿತ್ತು, ಉಳಿದ ಕಾಲು ಭಾಗದಲ್ಲಿ ದೋಣಿ. ಮೇಲೆ ಕರೆಂಟಿನ ತಂತಿ ಇಲ್ಲವೆಂದು ಮೂರು ಸಲ ನೋಡಿ, ನಾಲ್ಕು ಜನ ಸೇರಿ ಅದರ ಅಲ್ಯೂಮಿನಿಯಂ ಕಂಬವನ್ನು ನಿಲ್ಲಿಸಿದೆವು. ಕಣದ ಅಂಚಿನ ಸಿಲ್ವರ್ ಓಕ್ ಮರಗಳ ಸಾಲಿಗೆ ಇನ್ನೊಂದು ಮರ ಸೇರಿದಂತಾಯಿತು, ಮೆಣಸಿನ ಬಳ್ಳಿ ಮಾತ್ರ ಇಲ್ಲ.

ಈಗ ಕಥಾನಾಯಕನಾದ ಫರ್ಲರ್‌ನ ವಿಷಯ. ದೋಣಿಯ ಮುಂದಿನ ಹಾಯಿಯನ್ನು ಹಿಂದೆಲ್ಲ ಬೇಕಾದಾಗ ಏರಿಸಿ, ಬೇಡವಾದಾಗ ಇಳಿಸಿ ಮಡಚುತ್ತಿದ್ದರಂತೆ. ಫರ್ಲರ್ ಇದ್ದರೆ ಹಾಯಿ ಯಾವಾಗಲೂ ಮೇಲೆಯೇ ಇರುತ್ತದೆ. ಬೇಡವಾದಾಗ ಗೋಡೆಗೆ ಒರಗಿಸಿಟ್ಟ ಚಾಪೆಯ ಹಾಗೆ ತನ್ನನ್ನು ತಾನೇ ಸುತ್ತಿಕೊಂಡು ನಿಲ್ಲುತ್ತದೆ. ದೋಣಿಯ ಮೂತಿಯಿಂದ ಕಂಬದ ತುದಿಗೆ ಒಂದು ಉಕ್ಕಿನ ಮಿಣಿ ಬಿಗಿದಿರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಕೊಳವೆ, ಕೊಳವೆಯ ಉದ್ದದ ಸೀಳಿನಲ್ಲಿ ಹಾಯಿಯ ಅಂಚು. ಬುಡದಲ್ಲಿ ಒಂದು ಡ್ರಮ್, ಡ್ರಮ್ಮಿಗೆ ಸುತ್ತಿದ ಹಗ್ಗ. ಹಗ್ಗ ಎಳೆದರೆ ಡ್ರಮ್ ತಿರುಗುತ್ತದೆ, ಕೊಳವೆ ತಿರುಗುತ್ತದೆ, ಹಾಯಿ ಸುತ್ತಿಕೊಳ್ಳುತ್ತದೆ. ಮೇಲ್ತುದಿಯಲ್ಲಿ ಸ್ವಿವೆಲ್ ಎಂಬ ಎರಡು ಭಾಗದ ತಿರುಗಣಿ. ಅದರ ಕೆಳಭಾಗ ಹಾಯಿಯ ಜೊತೆ ತಿರುಗಬೇಕು, ಮೇಲ್ಭಾಗ ಹಾಯಿಯನ್ನು ಮೇಲಕ್ಕೆ ಎಳೆದು ಹಿಡಿದ ಹಗ್ಗದೊಂದಿಗೆ ಸುಮ್ಮನಿರಬೇಕು. ಭಾವ ಇದನ್ನೆಲ್ಲ ಕಾಫಿಯ ಲೋಟ, ಚಮಚ ಮತ್ತು ನನ್ನ ಕರವಸ್ತ್ರದ ಸಹಾಯದಿಂದ ವಿವರಿಸಿದ್ದರು. ಕರವಸ್ತ್ರ ಇನ್ನೂ ಸಿಕ್ಕಿಲ್ಲ.

ಹಾಯಿಯ ಮೇಲ್ತುದಿಯ ಮೂಲೆ ಬಿಸಿಲಿಗೆ ಲಡ್ಡಾಗಿತ್ತು. ಅದನ್ನು ಕರಾವಳಿಯಲ್ಲಿ ಹಾಯಿ ಹೊಲಿಯುವವರಲ್ಲಿಗೆ ಒಯ್ದು ಸರಿಮಾಡಿಸಿಕೊಂಡು ಬರುವ ಕೆಲಸವನ್ನು ಭಾವ ನನಗೆ ವಹಿಸಿದ್ದರು. ಸರಿಮಾಡಿಸಿಕೊಂಡು ಬಂದಿದ್ದೆ. ಸದ್ಯಕ್ಕೆ ಇಷ್ಟು ಸಾಕು.

ಮೊದಲ ದಿನ ಬೆಳಿಗ್ಗೆ ಹಾಯಿಯನ್ನು ಕೈಯಿಂದಲೇ ಸುತ್ತಿ, ನಂತರ ಬಿಚ್ಚಿದೆವು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಕಾಫಿ ಗಿಡಗಳ ಹಸಿರಿನ ಮೇಲೆ ಆ ಬಿಳಿಯ ಮುಕ್ಕೋನ ತೆರೆದುಕೊಂಡಾಗ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಚಪ್ಪಾಳೆ ತಟ್ಟಿದರು, ನಾಯಿ ಓಡಿಹೋಗಿ ಜೀಪಿನ ಅಡಿಯಲ್ಲಿ ಮಲಗಿತು. ಹತ್ತು ನಿಮಿಷದೊಳಗೆ ಎದುರು ಗುಡ್ಡದ ತೋಟದವರ ಫೋನ್ ಬಂತು: "ಪೆಂಡಾಲ್ ಹಾಕಿಸಿದ್ದೀರಿ, ಯಾರ ಮದುವೆ? ನಮಗೆ ಕರೆಯೇ ಇಲ್ಲ!"

ಬಿಚ್ಚಿದ್ದಾಯಿತು, ಇನ್ನು ಸುತ್ತಬೇಕು. ಭಾವ ಹಗ್ಗ ಎಳೆದರು. ಡ್ರಮ್ ಎರಡು ಸುತ್ತು ತಿರುಗಿ ನಿಂತಿತು. ನಾನು ಎಳೆದೆ. ಇಬ್ಬರೂ ಎಳೆದೆವು. ತೋಟದ ರೈಟರ್ ಬಂದು, ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ, ಒಂದು ಕೈಯಿಂದ ಎಳೆದರು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಹಾಯಿ ಬಿಚ್ಚುವಾಗ ಹಗ್ಗವನ್ನು ಸ್ವಲ್ಪ ಬಿಗಿ ಹಿಡಿದು ಬಿಡು ಎಂದಿದ್ದೆ. ನೀನು ಕೈಬಿಟ್ಟೆ. ಡ್ರಮ್ಮಿನೊಳಗೆ ಹಗ್ಗದ ಮೇಲೆ ಹಗ್ಗ ಹತ್ತಿ ಕಚ್ಚಿಕೊಂಡಿದೆ" ಎಂದು ಭಾವ ತೀರ್ಪು ಕೊಟ್ಟರು. ತಪ್ಪು ನನ್ನದೆಂದು ಗೊತ್ತಾದ ಮೇಲೆ ಅವರ ಮುಖದಲ್ಲಿ ಒಂದು ಶಾಂತಿ ಮೂಡಿತು. ಮುಚ್ಚಳ ಬಿಚ್ಚಿ ನೋಡಿದರೆ ಹಗ್ಗ ಅಂಗಡಿಯ ದಾರದುಂಡೆಯಷ್ಟು ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಆದರೆ ಡ್ರಮ್ಮಿನ ಅಡಿಯಲ್ಲಿ ಕುಂಬಾರ ಹುಳು ಹೆಬ್ಬೆರಳಿನ ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಹುಳುವಿಗೆ ನೌಕಾಪಡೆಯ ಅನುಭವವಿಲ್ಲದಿದ್ದರೂ ಕೆಲಸ ನಾಜೂಕಾಗಿತ್ತು: ಒಂದರ ಪಕ್ಕ ಒಂದು, ಮೂರು ಕೋಣೆ, ಮೂರಕ್ಕೂ ಗುಂಡನೆಯ ಬಾಯಿ. ಭಾವ ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದು, ಅಂಗೈಯಲ್ಲಿಟ್ಟುಕೊಂಡು ನಮಗೆಲ್ಲ ತೋರಿಸಿದರು. ರೋಗ ಸಿಕ್ಕಿತೆಂದು ಒಂದು ಸುತ್ತು ಕಾಫಿ ಆಯಿತು. ಆಮೇಲೆ ಹಗ್ಗ ಎಳೆದರೆ ಅದೇ ಎರಡು ಸುತ್ತು, ಅದೇ ನಿಲುಗಡೆ.

ಮುಂದಿನ ಅನುಮಾನ ಬೇರಿಂಗಿನದು. ಉಪ್ಪು ಕಟ್ಟಿರಬಹುದು, ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಹೇಳಿ ಭಾವ ಊಟಕ್ಕೆ ಹೋದರು. ನಾನು ತೊಳೆದೆ. ತೊಳೆದ ಮೇಲೆ ಬೇರಿಂಗ್ ಬರಿಮೈಯಲ್ಲಿರುವುದನ್ನು ನೋಡಲಾರದೆ, ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಹಚ್ಚುವ ಗ್ರೀಸನ್ನು ಎರಡು ಮುಷ್ಟಿ ತುಂಬಿಸಿದೆ. ಕಣದಲ್ಲಿ ಗಾಳಿ ಎದ್ದರೆ ಕಾಫಿಯ ಸಿಪ್ಪೆ, ಹೊಟ್ಟು, ಧೂಳು ಎಲ್ಲವೂ ಹಾರುತ್ತವೆ. ಭಾವ ಊಟ ಮುಗಿಸಿ ಬರುವಷ್ಟರಲ್ಲಿ ಡ್ರಮ್ಮಿಗೆ ಕಂದು ಬಣ್ಣದ ಗಡ್ಡ ಬೆಳೆದಿತ್ತು. ಅದರೊಳಗಿರುವುದು ಪ್ಲಾಸ್ಟಿಕ್ ಗುಂಡುಗಳು, ಅವಕ್ಕೆ ನೀರೇ ಸಾಕು, ಗ್ರೀಸ್ ಹಚ್ಚಿದರೆ ಧೂಳಿಗೆ ಆಮಂತ್ರಣ ಎಂದು ಅವರು ವಿವರಿಸಿದರು. ಆ ವಿವರಣೆಯ ನಡುವೆ ಬಂದ ಕೆಲವು ಹಿಂದಿ ಶಬ್ದಗಳನ್ನು ನಾನು ಮೊದಲ ಸಲ ಕೇಳಿದೆ.

ಹೋಗಲಿ, ಹಾಯಿಯನ್ನು ಇಳಿಸಿಬಿಡೋಣ ಎಂದರೆ ಅದು ಇಳಿಯಲೂ ಒಲ್ಲದು. ಆ ರಾತ್ರಿ ಅದನ್ನು ಟಾರ್ಪಾಲ್ ಕಟ್ಟುವ ಹಗ್ಗದಿಂದ ಹೇಗೋ ಬಿಗಿದು ಮಲಗಿದೆವು. ಗಾಳಿ ಬಂದಾಗಲೆಲ್ಲ ಪಟಪಟ ಸದ್ದು. ಆನೆ ಬಂತೆಂದು ಲೈನ್ ಮನೆಯವರು ಎರಡು ಸಲ ಪಟಾಕಿ ಹೊಡೆದರು.

ಎರಡನೆಯ ದಿನ ವಿಜ್ಞಾನಕ್ಕೆ ಮೀಸಲು. ಹಗ್ಗ ಡ್ರಮ್ಮಿನೊಳಗೆ ನೇರವಾಗಿ, ಲಂಬಕೋನದಲ್ಲಿ ಹೋಗಬೇಕಂತೆ. ಓರೆಯಾಗಿ ಹೋದರೆ ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ರಾಟೆಯನ್ನು ಸರಿಸಿದೆವು. ಉಕ್ಕಿನ ಮಿಣಿ ಸಡಿಲವಾಗಿದ್ದರೆ ಕೊಳವೆ ಬಿಲ್ಲಿನಂತೆ ಬಾಗುತ್ತದೆ, ತಿರುಗುವುದಿಲ್ಲ. ಮಿಣಿಯನ್ನು ಬಿಗಿ ಮಾಡಿದೆವು. ಕೊಳವೆಯ ತುಂಡುಗಳನ್ನು ಜೋಡಿಸುವ ಸ್ಕ್ರೂ ಸಡಿಲಾಗಿ ಹೊರಗೆ ಚಾಚಿದೆಯೇ ಎಂದು ಕೈಗೆಟಕುವ ಎತ್ತರದವರೆಗೆ ತಡವಿ ನೋಡಿದೆವು. ಕೈಗೆಟಕುವ ಎತ್ತರದವರೆಗೆ ಎಲ್ಲವೂ ಸರಿಯಾಗಿತ್ತು.

ಆಗ ನನಗೆ ಜೀಪಿನ ನೆನಪಾಯಿತು. ನಮ್ಮಲ್ಲಿ ಯಾವ ಸಮಸ್ಯೆಗೂ ಕೊನೆಯ ಮದ್ದು ಜೀಪು. ಬಿದ್ದ ಮರವಾಗಲಿ, ಚರಂಡಿಗಿಳಿದ ಕಾರಾಗಲಿ, ಹಗ್ಗ ಕಟ್ಟಿ ಫಸ್ಟ್ ಗೇರಿನಲ್ಲಿ ಎಳೆದರೆ ಬರುತ್ತದೆ. ನಾನು ಹಗ್ಗದ ತುದಿಯನ್ನು ಜೀಪಿನ ಕೊಂಡಿಗೆ ಕಟ್ಟುವುದನ್ನು ಕಂಡು ಭಾವ ದೋಣಿಯಿಂದ ಜಿಗಿದೇ ಬಂದರು. ಕೈಯಿಂದ ತಿರುಗದ ಫರ್ಲರಿಗೆ ಯಂತ್ರದ ಬಲ ಹಾಕಿದರೆ ಒಳಗಿನ ಮಿಣಿಯ ಎಳೆಗಳು ಬಿಚ್ಚಿಕೊಂಡು ತುಂಡಾಗುತ್ತವೆ, ಮಿಣಿ ಹೋದರೆ ಕಂಬ ಹೋಯಿತು, ಕಂಬ ಬಿದ್ದರೆ ನಿನ್ನ ಜೀಪಿನ ಮೇಲೆಯೇ ಬೀಳುತ್ತದೆ ಎಂದರು. ಕೊನೆಯ ವಾಕ್ಯ ನನಗೆ ಮನದಟ್ಟಾಯಿತು.

ಮಧ್ಯಾಹ್ನದ ಪಟಪಟ ತಡೆಯಲಾಗದೆ, ಹಾಯಿಯ ಹಿಂಬದಿಯ ಮೂಲೆಯ ಹಗ್ಗವನ್ನು ನಾನೇ ಎಳೆದು ಬಿಗಿಯಾಗಿ ಕಟ್ಟಿದೆ. ಸದ್ದು ನಿಂತಿತು. ಇಂಥ ಬುದ್ಧಿವಂತಿಕೆ ಭಾವನಿಗೆ ಯಾಕೆ ಹೊಳೆಯಲಿಲ್ಲ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಗಾಳಿ ಬೀಸಿತು. ಹಾಯಿ ಉಬ್ಬಿತು. ಟ್ರೇಲರಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಪಕ್ಕಕ್ಕೆ ಹಾರಿತು. ದೋಣಿ ಹೊರಟಿತು.

ಅವಸರವೇನೂ ಇರಲಿಲ್ಲ ಅದಕ್ಕೆ. ಗಂಭೀರವಾಗಿ, ಮದುವೆಯ ದಿಬ್ಬಣದ ಹಾಗೆ, ಒಣಗುತ್ತಿದ್ದ ರೋಬಸ್ಟಾದ ನಡುವೆ ಸಾಗಿತು. ಚಕ್ರದ ಅಡಿಯಲ್ಲಿ ಚೆರ್ರಿ ಪಟಪಟನೆ ಒಡೆಯುತ್ತಿತ್ತು. ಕಾಫಿ ಎಳೆಯುತ್ತಿದ್ದ ಹೆಂಗಸು ಹಲಗೆಯನ್ನು ಬಿಟ್ಟು ಓಡಿದಳು. ಭಾವ ಮೇಲೆ ನಿಂತಿದ್ದವರು ಅಭ್ಯಾಸಬಲದಿಂದ ಚುಕ್ಕಾಣಿ ಹಿಡಿದರು. ನೆಲದ ಮೇಲೆ ಅದರಿಂದ ಏನು ಪ್ರಯೋಜನವೆಂದು ಕೇಳುವ ಹೊತ್ತು ಅದಾಗಿರಲಿಲ್ಲ. ಹನ್ನೆರಡು ಅಡಿ ಹೋಗಿ, ಕಾಫಿಯ ರಾಶಿಗೆ ಮೂತಿ ತಗುಲಿಸಿ ದೋಣಿ ನಿಂತಿತು. ರೈಟರ್ ಪುಸ್ತಕ ತೆರೆದು ಏನನ್ನೋ ಬರೆದುಕೊಂಡರು.

ಮೂರನೆಯ ದಿನ ಬೆಳಿಗ್ಗೆ ಮಂಜು. ಗಾಳಿಯ ಸುಳಿವಿಲ್ಲ. ನಾನೂ ಭಾವನೂ ಡ್ರಮ್ಮಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಅದೇ ಮುಚ್ಚಳವನ್ನು ಐದನೆಯ ಸಲ ಬಿಚ್ಚುತ್ತಿದ್ದೆವು. ಆಗ ಆಕಾಶವಾಣಿಯಾಯಿತು.

"ಸಾಹುಕಾರರೇ, ಅದು ಕೆಳಗಿಲ್ಲ. ಇಲ್ಲಿದೆ."

ಕತ್ತೆತ್ತಿ ನೋಡಿದರೆ, ಕಣದಂಚಿನ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿಬಿದಿರಿನ ಏಣಿಯ ಮೇಲೆ ಮೆಣಸು ಕೊಯ್ಯುವವನು. ಸೊಂಟಕ್ಕೆ ಕಟ್ಟಿದ ಚೀಲ, ಬಾಯಲ್ಲಿ ಎಲೆಯಡಿಕೆ. ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ನಮ್ಮ ಕಂಬದ ತುದಿ.

"ಏನಿದೆ ಅಲ್ಲಿ?"

"ಹಾಯಿಯನ್ನು ಎತ್ತಿದ ಹಗ್ಗ ಆ ಉಕ್ಕಿನ ಮಿಣಿಗೆ ಸುತ್ತಿಕೊಂಡಿದೆ. ಮೆಣಸಿನ ಬಳ್ಳಿಯಂತೆ ಬರಿದೆ ಅಂಟಿಕೊಂಡಿಲ್ಲ, ಕಾಡುಬಳ್ಳಿಯಂತೆ ಸುತ್ತು ಹಾಕಿದೆ. ಎರಡು ಸುತ್ತು. ನೀವು ಎಳೆದಷ್ಟೂ ಅದು ಬಿಗಿಯಾಗುತ್ತದೆ."

"ಯಾವಾಗ ನೋಡಿದೆ?"

"ಮೊನ್ನೆ."

"ಮೊನ್ನೆಯೇ ಹೇಳಬಾರದಿತ್ತೇ?"

"ನೀವಿಬ್ಬರೂ ಕೆಳಗೇ ನೋಡುತ್ತಿದ್ದಿರಿ. ಅಲ್ಲೂ ಏನೋ ಇರಬಹುದು ಎಂದುಕೊಂಡೆ."

ಭಾವ ಹಣೆ ಚಚ್ಚಿಕೊಂಡರು. ಫರ್ಲರ್ ಕೆಡುವ ಕಾರಣಗಳಲ್ಲಿ ಇದೇ ಬಲು ಸಾಮಾನ್ಯವಾದದ್ದಂತೆ. ಹಾಯಿ ಎತ್ತಿದ ಹಗ್ಗ ಸ್ವಿವೆಲ್‌ನಿಂದ ಹಿಂದಕ್ಕೆ, ಕಂಬದ ಕಡೆಗೆ ಎಂಟು ಹತ್ತು ಡಿಗ್ರಿಯಾದರೂ ಓರೆಯಾಗಿ ಹೋಗಬೇಕು. ಆಗ ಸ್ವಿವೆಲ್‌ನ ಮೇಲ್ಭಾಗ ತಿರುಗದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಮಿಣಿಗೆ ಸಮಾನಾಂತರವಾಗಿ, ಒತ್ತಿಕೊಂಡು ಹೋದರೆ, ಸ್ವಿವೆಲ್ ತಿರುಗಿದಾಗ ತಾನೂ ತಿರುಗಿ ಮಿಣಿಯನ್ನು ತಬ್ಬಿಕೊಳ್ಳುತ್ತದೆ. ಆಮೇಲೆ ಸುತ್ತಲೂ ಬಾರದು, ಇಳಿಸಲೂ ಬಾರದು. ಮದ್ದು ಸುಲಭ: ಹಾಯಿಯನ್ನು ಉಲ್ಟಾ ತಿರುಗಿಸುತ್ತ ಪೂರ್ತಿ ಬಿಚ್ಚಬೇಕು. ಮೇಲಿನಿಂದ "ಇನ್ನೊಂದು ಸುತ್ತು, ಇನ್ನರ್ಧ, ಸಾಕು" ಎಂದು ಅಪ್ಪಣೆ ಬರುತ್ತಿತ್ತು, ಕೆಳಗೆ ನೌಕಾಪಡೆ ಪಾಲಿಸುತ್ತಿತ್ತು. ಹಗ್ಗ ಬಿಡಿಸಿಕೊಂಡಿತು. ಹಾಯಿ ಸರ್ರನೆ ಇಳಿದು ಕಣದಲ್ಲಿ ರಾಶಿಯಾಗಿ ಬಿತ್ತು.

ನಾನು ಕಾಫಿ ತರಿಸುತ್ತೇನೆಂದು ಎದ್ದೆ. ಭಾವ ಏಳಲಿಲ್ಲ.

"ಹಗ್ಗ ಸಮಾನಾಂತರವಾಗುವುದು ಸ್ವಿವೆಲ್ ಪೂರ್ತಿ ಮೇಲಕ್ಕೆ ಹೋಗದಿದ್ದಾಗ" ಎಂದರು, ತಮಗೆ ತಾವೇ. "ಇದು ಯಾಕೆ ಹೋಗಲಿಲ್ಲ? ಇದೇ ದೋಣಿ, ಇದೇ ಹಾಯಿ." ಟೇಪು ತಂದು ಹಾಯಿಯ ಅಂಚನ್ನು ಅಳೆದರು. ದೋಣಿಯ ಜೊತೆ ಬಂದ ಕಾಗದದಲ್ಲಿ ಬರೆದಿದ್ದ ಅಳತೆಗೆ ಒಂದೂವರೆ ಅಡಿ ಕಡಿಮೆ.

"ತೊಳೆದರೆ ಕೆಲವು ಬಟ್ಟೆಗಳು ಕುಗ್ಗುತ್ತವಲ್ಲವೇ ಭಾವ?" ಎಂದೆ.

ಅವರು ಉತ್ತರಿಸಲಿಲ್ಲ. ಹಾಯಿಯ ಮೇಲ್ತುದಿಯ ಮೂಲೆಯನ್ನು ಹುಡುಕಿ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಬಿಳಿಯ ಹಾಯಿಗೆ ಖಾಕಿ ದಾರದ ಹೊಲಿಗೆ. ಬಲಕ್ಕೆಂದು ಒಳಗೆ ಕೊಟ್ಟಿದ್ದ ಅಡ್ಡಪಟ್ಟಿ ಹಸಿರು ಕ್ಯಾನ್ವಾಸ್. ಕೊಡಗಿನಲ್ಲಿ ಆ ದಾರ ಮತ್ತು ಆ ಕ್ಯಾನ್ವಾಸ್ ಜೊತೆಯಾಗಿ ಸಿಗುವುದು ಒಂದೇ ಕಡೆ, ಜೀಪಿನ ಹುಡ್ ಹೊಲಿಯುವವರಲ್ಲಿ.

ಕುಶಾಲನಗರದಲ್ಲಿ ಬೇರೆ ಕೆಲಸವಿತ್ತು ಎಂದೆ. ಮಂಗಳೂರಿನ ತನಕ ಡೀಸೆಲ್ ಯಾಕೆ ಸುಡಬೇಕು ಎಂದೆ. ಲಡ್ಡಾದ ಭಾಗಕ್ಕೆ ತೇಪೆ ನಿಲ್ಲುವುದಿಲ್ಲ, ಕತ್ತರಿಸಿ ಮೂಲೆ ಮಾಡಿಕೊಡುತ್ತೇನೆ ಎಂದು ಹುಡ್ ಹೊಲಿಯುವವನೇ ಹೇಳಿದ, ಮೂವತ್ತು ಅಡಿಯ ಬಟ್ಟೆಯಲ್ಲಿ ಒಂದೂವರೆ ಅಡಿ ಯಾವ ಲೆಕ್ಕ ಎಂದುಕೊಂಡೆ ಎಂದೆ. ಭಾವ ಎಲ್ಲವನ್ನೂ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ, "ಹಾಯಿಯ ತಲೆಗೂ ಸ್ವಿವೆಲ್ಲಿಗೂ ನಡುವೆ ಒಂದೂವರೆ ಅಡಿಯ ತಂತಿ ಸೇರಿಸಿದರೆ ಸ್ವಿವೆಲ್ ಮೇಲಕ್ಕೆ ಹೋಗುತ್ತದೆ. ಸರಿಯಾಗುತ್ತದೆ" ಎಂದರು. ಸದ್ಯಕ್ಕೆ ಎರಡೆಳೆ ಹಗ್ಗವನ್ನೇ ಗಂಟು ಹಾಕಿ ಸೇರಿಸಿದೆವು. ಹಾಯಿ ಏರಿಸಿ, ಬಿಚ್ಚಿ, ಹಗ್ಗ ಎಳೆದರೆ ಅದು ಒಂದೇ ಕೈಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಸುತ್ತಿಕೊಂಡಿತು. ಮರದ ಮೇಲಿನಿಂದ "ಈಗ ಸರಿ" ಎಂಬ ಪ್ರಮಾಣಪತ್ರವೂ ಸಿಕ್ಕಿತು.

"ಕತ್ತರಿಸಿದ ತುಂಡು ಎಲ್ಲಿ?" ಎಂದು ಭಾವ ಹೊರಡುವ ಮುಂಚೆ ಕೇಳಿದರು.

ಕೆರೆಯ ಬದಿಯಲ್ಲಿ ಸ್ಪ್ರಿಂಕ್ಲರಿನ ಪಂಪಿದೆ. ಅದರ ಮೋಟಾರಿಗೆ ಆ ತುಂಡು ಅಳೆದು ಹೊಲಿಸಿದ ಹಾಗೆ ಕೂತಿತ್ತು. ಕಟ್ಟಲು ಹಿತ್ತಾಳೆಯ ಉಂಗುರ ಬೇರೆ. ಭಾವ ಅಲ್ಲಿಗೆ ಹೋಗಿ, ಗಂಟು ಬಿಚ್ಚಿ, ತುಂಡನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ಒಂದು ಮಾತೂ ಆಡದೆ ಜೀಪು ಹತ್ತಿದರು.

ಸಂಜೆ ನಾಲ್ಕಕ್ಕೆ ಗುಡುಗಿತು. ಇಡೀ ಸುಂಟಿಕೊಪ್ಪ ಹದಿನೈದು ದಿನಗಳಿಂದ ಬಾಯಿ ತೆರೆದು ಕಾಯುತ್ತಿದ್ದ, ಕಾಫಿಯ ಹೂ ಅರಳಿಸುವ ಹೂಮಳೆ ಅದು. ನಾವೆಲ್ಲ ಟಾರ್ಪಾಲ್ ಹಿಡಿದು ಕಣಕ್ಕೆ ಓಡಿದೆವು. ಕಾಫಿ ಪೂರ್ತಿ ಮುಚ್ಚಿದ ಮೇಲೆ, ಮಳೆ ಒಂದಿಂಚು ಬಿದ್ದೀತೇ ಎಂದು ಖುಷಿಯಿಂದ ಲೆಕ್ಕ ಹಾಕುತ್ತಿರುವಾಗ, ರೈಟರ್ ಮೆಲ್ಲನೆ ಕೇಳಿದರು: "ಸಾಹುಕಾರರೇ, ಮೋಟಾರ್?"